ಓಆರ್‌ಎಸ್ ಕೊಟ್ಟ ತಕ್ಷಣ ಮಗು ವಾಂತಿ ಮಾಡ್ತಿದೆ, ಡ್ರಿಪ್ಸ್ ಹಾಕಿಸಲೇಬೇಕಾ?

ಹೊರಮಾವು ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂದು ವರ್ಷ ಹತ್ತು ತಿಂಗಳು, ತೂಕ 10 ಕೆ.ಜಿ. ನಿನ್ನೆ ರಾತ್ರಿಯಿಂದ ವಾಂತಿ, ಬೆಳಿಗ್ಗೆಯಿಂದ ನೀರು ನೀರಾಗಿ ಭೇದಿ. ಮಕ್ಕಳ ಡಾಕ್ಟರ್ ನೋಡಿ ಓಆರ್‌ಎಸ್ ಪುಡಿ, ಜಿಂಕ್ ಸಿರಪ್ ಬರೆದುಕೊಟ್ಟರು. ಡ್ರಿಪ್ಸ್ ಈಗ ಬೇಡ ಅಂದರು. ಆದರೆ ಲೋಟದಲ್ಲಿ ಕೊಟ್ಟರೆ ಗಟಗಟ ಕುಡಿದು ಐದು ನಿಮಿಷಕ್ಕೆ ಎಲ್ಲಾ ಕಕ್ಕಿಬಿಡುತ್ತಾಳೆ. ಅತ್ತೆ "ಮಗು ಸೊರಗಿ ಹೋಗ್ತಿದೆ, ಒಂದು ಬಾಟಲಿ ಗ್ಲೂಕೋಸ್ ಏರಿಸ್ಕೊಂಡು ಬನ್ನಿ" ಅಂತಿದ್ದಾರೆ. ಪಕ್ಕದ ಮನೆಯವರು ಎಳನೀರು ಸಾಕು ಅಂತಾರೆ. ನಮ್ಮೆಜಮಾನರು ಸೇಬಿನ ರುಚಿ ಇರೋ ಡಬ್ಬಿ ಪಾನೀಯ ತಂದಿಟ್ಟಿದ್ದಾರೆ. ಯಾವುದನ್ನು ಕೊಡಲಿ, ಎಷ್ಟು ಕೊಡಲಿ? ಆಸ್ಪತ್ರೆಗೆ ಯಾವಾಗ ಓಡಬೇಕು? ಗೊತ್ತಿದ್ದವರು ದಯವಿಟ್ಟು ಬೇಗ ಹೇಳಿ.

ಎರಡು ಮಕ್ಕಳ ಅಪ್ಪ, ಕೆಂಗೇರಿ
ಮೊದಲು ಒಂದು ಹೇಳಿ. ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?

ಹೊರಮಾವು ಅಮ್ಮ
ಮಧ್ಯಾಹ್ನ ಮೂರಕ್ಕೆ ಡೈಪರ್ ಬದಲಿಸಿದೆ, ಮೂತ್ರ ಇತ್ತು, ಸ್ವಲ್ಪ ಗಾಢ ಹಳದಿ. ಅಳುವಾಗ ಕಣ್ಣೀರು ಬರ್ತಿದೆ. ಕಿರಿಕಿರಿ ಜಾಸ್ತಿ, ಆದರೆ ಎಚ್ಚರವಾಗಿದ್ದಾಳೆ.

ಮಕ್ಕಳ ವಾರ್ಡ್ ನರ್ಸ್
ಹಾಗಿದ್ರೆ ಗಾಬರಿ ಬೇಡ ಮೇಡಂ, ಆದರೆ ಸಡಿಲ ಬಿಡೋ ಹಾಗೂ ಇಲ್ಲ. ಗಟಗಟ ಕುಡಿಯೋದು, ಕಿರಿಕಿರಿ ಮಾಡೋದು, ಎರಡೂ ಮೈಯಲ್ಲಿ ನೀರು ಕಡಿಮೆಯಾಗಿರೋ ಗುರುತೇ. ಹಾಗಾಗಿ ಈಗಿನ ಸ್ಥಿತಿಯನ್ನು ಬೆಳಿಗ್ಗೆ ನೋಡಿದ ಡಾಕ್ಟರಿಗೆ ಒಮ್ಮೆ ಫೋನ್‌ನಲ್ಲಿ ತಿಳಿಸಿ.

ಈಗ ಲೋಟ ಪಕ್ಕಕ್ಕಿಡಿ. ವಾಂತಿ ಆದ ಮೇಲೆ ಹತ್ತು ನಿಮಿಷ ಏನೂ ಕೊಡಬೇಡಿ. ಆಮೇಲೆ ಚಿಕ್ಕ ಚಮಚದಲ್ಲಿ ಶುರು ಮಾಡಿ. ಒಂದು ಟೀ ಚಮಚ ಅಂದರೆ 5 ಮಿ.ಲೀ. ಮೊದಲು ಎರಡು ಮೂರು ನಿಮಿಷಕ್ಕೊಂದು ಚಮಚ. ಅದು ನಿಂತರೆ ಒಂದೂವರೆ ನಿಮಿಷಕ್ಕೊಂದು. ಮನೆಯಲ್ಲಿ ಒಳಲೆ, ಅಂದರೆ ಮಕ್ಕಳಿಗೆ ಹಾಲು ಕುಡಿಸೋ ಮೂತಿಯಿರೋ ಪುಟ್ಟ ಪಾತ್ರೆ, ಇದ್ದರೆ ಇನ್ನೂ ಒಳ್ಳೇದು. ಮೂತಿಯನ್ನು ಬಾಯಿಯ ಮೂಲೆಗೆ ತಾಗಿಸಿ, ತುಟಿ ಒದ್ದೆ ಆಗೋ ಅಷ್ಟೇ ಬಗ್ಗಿಸಿ, ಮಗು ನುಂಗಿದ ಮೇಲೆ ಮತ್ತೆ. ಮಗುವನ್ನು ಮಲಗಿಸಿ ಕುಡಿಸಬೇಡಿ, ತೊಡೆ ಮೇಲೆ ಕೂರಿಸ್ಕೊಳ್ಳಿ.

ಲೆಕ್ಕ ಹೇಳ್ತೀನಿ. ನೀರು ಕಡಿಮೆಯಾಗಿರೋ ಗುರುತು ಇರುವ ಮಗುವಿಗೆ ಕೆ.ಜಿ.ಗೆ 75 ಮಿ.ಲೀ. ಪ್ರಕಾರ ನಾಲ್ಕು ಗಂಟೆಯಲ್ಲಿ ಓಆರ್‌ಎಸ್ ಹೋಗಬೇಕು. ನಿಮ್ಮ ಮಗುವಿಗೆ ಅದು 750 ಮಿ.ಲೀ. ಕೇಳೋಕೆ ಜಾಸ್ತಿ ಅನಿಸುತ್ತೆ. ಒಂದೂವರೆ ನಿಮಿಷಕ್ಕೊಂದು ಚಮಚ ಹೋದರೆ ಗಂಟೆಗೆ 200 ಮಿ.ಲೀ. ಆಯ್ತಲ್ಲ, ನಾಲ್ಕು ಗಂಟೆಗೆ ಸರಿಹೋಯ್ತು. ಆಮೇಲೆ ಪ್ರತಿ ಭೇದಿಗೂ 50ರಿಂದ 100 ಮಿ.ಲೀ. ಇದು ಎರಡು ವರ್ಷದೊಳಗಿನವರಿಗೆ. ಎರಡು ದಾಟಿದ ಮಕ್ಕಳಿಗೆ 100ರಿಂದ 200.

ಕೈ ಸೋತುಹೋಗುತ್ತೆ, ಗೊತ್ತು. ಅತ್ತೆಯವರು, ಯಜಮಾನರು, ನೀವು, ಸರದಿ ಹಾಕಿಕೊಳ್ಳಿ.

ಸೀದಾ ಮಾತು
ಇಷ್ಟೆಲ್ಲಾ ಒದ್ದಾಟ ಯಾಕೆ? ಆಸ್ಪತ್ರೆಗೆ ಹೋದರೆ ಒಂದು ಗಂಟೆಯಲ್ಲಿ ಡ್ರಿಪ್ಸ್ ಹಾಕಿ ಕಳಿಸ್ತಾರೆ. ನಮ್ಮ ಮಗನಿಗೆ ಹಾಗೇ ಮಾಡಿಸಿದ್ದು. ದುಡ್ಡು ಹೋದರೆ ಹೋಗಲಿ, ಮಗು ಮುಖ್ಯ ಅಲ್ವಾ?

ಮಕ್ಕಳ ವಾರ್ಡ್ ನರ್ಸ್
ದುಡ್ಡಿನ ಮಾತಲ್ಲ ಸರ್. ನೀರು ಕಳಕೊಂಡ ಮಗುವಿನ ರಕ್ತನಾಳ ಸಣ್ಣಗಾಗಿರುತ್ತೆ, ಸೂಜಿ ಸಿಗೋದೇ ಕಷ್ಟ. ಕೈಗೆ, ಕಾಲಿಗೆ ಚುಚ್ಚೀ ಚುಚ್ಚೀ ಮಗು ಅಳೋದು ನೋಡಿದವರಿಗೆ ಗೊತ್ತು. ಸೋಂಕಿನ ಭಯ ಬೇರೆ. ಬಾಯಲ್ಲಿ ಹೋಗೋದು ಹೋಗ್ತಿರುವಾಗ ಡ್ರಿಪ್ಸ್‌ನಿಂದ ಹೆಚ್ಚಿನ ಲಾಭ ಏನೂ ಇಲ್ಲ. ಮಗು ಮಂಕಾಗಿದ್ದರೆ, ನುಂಗೋಕೇ ಆಗದಿದ್ದರೆ, ಆಗ ಡ್ರಿಪ್ಸ್ ಜೀವ ಉಳಿಸುತ್ತೆ. ಆಗ ಒಂದು ನಿಮಿಷವೂ ತಡ ಮಾಡಬಾರದು.

ಹಳೇ ಕಥೆ ಬಲ್ಲವ
ಡ್ರಿಪ್ಸ್ ಅಂದರೆ ದೊಡ್ಡದು, ಪುಡಿ ಅಂದರೆ ಸಣ್ಣದು ಅನ್ನೋ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ಹಬ್ಬಿತ್ತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಸಲೈನ್ ಬಾಟಲಿಗಳು ಸಾಲದೆ ಹೋದವು. ಆಗ ಡಾ. ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಅಳತೆ ಮಾಡಿ ನೀರಿಗೆ ಬೆರೆಸಿ ಡ್ರಮ್ಮುಗಳಲ್ಲಿ ತುಂಬಿಸಿದರು. ಕುಡಿಸಿದ್ದು ಬಹುಪಾಲು ರೋಗಿಗಳ ಮನೆಯವರೇ. ಶೇ. 30ರ ಆಸುಪಾಸಿನಲ್ಲಿದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಕೊಡಬೇಕಿತ್ತು ಅಂತ ನನಗೆ ಈಗಲೂ ಬೇಜಾರಿದೆ.

ಸೀದಾ ಮಾತು
ಅದು ಶಿಬಿರದ ಕಥೆ. ಬೆಂಗಳೂರಿನಲ್ಲಿ ಬೀದಿಗೊಂದು ಆಸ್ಪತ್ರೆ ಇದೆ.

ಹಳೇ ಕಥೆ ಬಲ್ಲವ
ಆಸ್ಪತ್ರೆ ಹತ್ತಿರ ಇದೆ ಅಂತ ಕರುಳು ಕೆಲಸ ಮಾಡೋ ರೀತಿ ಬದಲಾಗುತ್ತಾ ಸರ್? ಭೇದಿ ಆಗ್ತಿದ್ದರೂ ಉಪ್ಪಿನಲ್ಲಿರೋ ಸೋಡಿಯಂ, ಗ್ಲೂಕೋಸ್ ಜೊತೆಯಾಗಿ ಬಂದರೆ ಕರುಳು ಎರಡನ್ನೂ ಒಳಗೆ ಎಳಕೊಳ್ಳುತ್ತೆ. ಅವುಗಳ ಹಿಂದೆ ನೀರೂ ಹೋಗುತ್ತೆ. ಬರೀ ನೀರು ಕೊಟ್ಟರೆ ಇಷ್ಟು ಚೆನ್ನಾಗಿ ಹೋಗಲ್ಲ. ಸಕ್ಕರೆ ಜಾಸ್ತಿ ಆದರೆ ಉಲ್ಟಾ, ಮೈಯ ನೀರನ್ನೇ ಕರುಳಿಗೆ ಎಳೆಯುತ್ತೆ. ಅದಕ್ಕೇ ಅಳತೆ ಮುಖ್ಯ.

ಮೆಡಿಕಲ್ ಕೌಂಟರ್, ದಾಸರಹಳ್ಳಿ
ಅಳತೆ ವಿಷಯ ಬಂತಲ್ಲ, ನಾನು ದಿನಾ ನೋಡೋದು ಹೇಳ್ತೀನಿ. ಪುಡಿಯಲ್ಲಿ ಎರಡು ಸೈಜ್ ಬರುತ್ತೆ. ಚಿಕ್ಕದು 200 ಮಿ.ಲೀ.ಗೆ, ದೊಡ್ಡದು ಒಂದು ಲೀಟರಿಗೆ. ಜನ ದೊಡ್ಡದನ್ನು ಒಯ್ದು, ಒಂದು ಚಮಚ ಪುಡಿ ಲೋಟಕ್ಕೆ ಹಾಕಿ, ಬಾಯಿ ಮಡಚಿ ಫ್ರಿಜ್ ಮೇಲಿಡ್ತಾರೆ. ಹಾಗೆ ಮಾಡಬಾರದು. ಆ ಚಮಚದಲ್ಲಿ ಉಪ್ಪೆಷ್ಟು, ಗ್ಲೂಕೋಸ್ ಎಷ್ಟು ಬಂತೋ ಯಾರಿಗೂ ಗೊತ್ತಾಗಲ್ಲ. ಒಮ್ಮೆ ಕತ್ತರಿಸಿದ ಮೇಲೆ ಪೂರ್ತಿ ಪೊಟ್ಟಣ ಬೆರೆಸಬೇಕು.

ಅಳತೆ ಪಾತ್ರೆ ಇಲ್ಲ ಅನ್ನೋರಿಗೆ ಒಂದು ಉಪಾಯ. ಒಂದು ಲೀಟರಿನ ನೀರಿನ ಬಾಟಲಿ ತಗೊಳ್ಳಿ, ಶುದ್ಧವಾದ ಪಾತ್ರೆಗೆ ಪೂರ್ತಿ ಸುರೀರಿ, ಪುಡಿ ಹಾಕಿ ಕಲಕಿ, ಆಯ್ತು. ಕಾಯಿಸಿ ಆರಿಸಿದ ನೀರಾದರೆ ಅದೇ ಬಾಟಲಿಯಲ್ಲಿ ಅಳೆದುಕೊಳ್ಳಿ. ಬೆರೆಸಿದ ಮೇಲೆ ಮತ್ತೆ ಕಾಯಿಸಬೇಡಿ. ಹಾಲು, ಜ್ಯೂಸು, ಇನ್ನಷ್ಟು ಸಕ್ಕರೆ ಏನೂ ಸೇರಿಸಬೇಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ, ಹೊಸದು ಮಾಡಿ.

ಮೇಡಂ, ಆ ಸೇಬಿನ ಡಬ್ಬಿಯನ್ನು ಮಗುವಿಗೆ ಕೊಡಬೇಡಿ. ಅದು ಓಆರ್‌ಎಸ್ ಅಲ್ಲ.

ಯಲಹಂಕ ಹುಡುಗಿ
ಆ ಡಬ್ಬಿಗಳ ಮೇಲೆ ಓಆರ್‌ಎಸ್ ಅಂತಲೇ ದೊಡ್ಡ ಅಕ್ಷರದಲ್ಲಿ ಇರ್ತಿತ್ತಲ್ವಾ? ಓಆರ್‌ಎಸ್ ಅಲ್ಲದಿದ್ರೆ ಹೇಗೆ ಬರೆದ್ರು?

ಮೆಡಿಕಲ್ ಕೌಂಟರ್, ದಾಸರಹಳ್ಳಿ
ಒಳ್ಳೇ ಪ್ರಶ್ನೆ. ಬರೀತಿದ್ರು, ಮೂಲೆಯಲ್ಲಿ ಸಣ್ಣದಾಗಿ "ಇದು ಡಬ್ಲ್ಯೂಎಚ್‌ಒ ಶಿಫಾರಸಿನ ಓಆರ್‌ಎಸ್ ಅಲ್ಲ" ಅಂತ ಹಾಕಿದರೆ ನಡೀತಿತ್ತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಆದೇಶ ಹೊರಡಿಸಿತು. ಆ ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನೋ ಪದವೇ ಇರಬಾರದು ಅಂತ. ಒಬ್ಬ ಡಾಕ್ಟರ್ ಹಟ ಹಿಡಿದರೆ ಏನಾಗುತ್ತೆ ನೋಡಿ. ನನಗಂತೂ ಅವರ ಮೇಲೆ ತುಂಬಾ ಗೌರವ.

ಕೊಳ್ಳುವಾಗ ಪೊಟ್ಟಣದ ಹಿಂದೆ ಓದಿ. ಒಂದು ಲೀಟರಿಗೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ. ಹಳೇ ಸೂತ್ರದಲ್ಲಿ ಉಪ್ಪು, ಗ್ಲೂಕೋಸ್ ಎರಡೂ ಜಾಸ್ತಿ ಇದ್ದವು, 2002ರಲ್ಲಿ ಇಳಿಸಿದರು.

ಬಸವನಗುಡಿ ಅಜ್ಜಿ
ಏನೇನೋ ಗ್ರಾಂ ಲೆಕ್ಕ ಹೇಳ್ತೀರಪ್ಪ. ನಮ್ಮ ಕಾಲದಲ್ಲಿ ಗಂಜಿ ತಿಳಿಗೆ ಉಪ್ಪು ಹಾಕಿ ಕುಡಿಸ್ತಿದ್ವಿ. ಮಕ್ಕಳೆಲ್ಲ ಚೆನ್ನಾಗೇ ಬೆಳೆದವು.

ಮಕ್ಕಳ ವಾರ್ಡ್ ನರ್ಸ್
ಅಜ್ಜಿ, ನೀವು ಹೇಳಿದ್ದರಲ್ಲಿ ದೊಡ್ಡ ಸತ್ಯ ಇದೆ. ಉಪ್ಪು ಹಾಕಿದ ಗಂಜಿ ತಿಳಿ ಮನೆಯಲ್ಲಿ ಕೊಡಬಹುದಾದ ಒಳ್ಳೇ ಪಾನೀಯ. ನೀರು ಮಜ್ಜಿಗೆಗೆ ಚೂರು ಉಪ್ಪು ಹಾಕಿ ಕೊಡೋದೂ ಸರಿ. ಭೇದಿ ಶುರುವಾದ ಕೂಡಲೇ, ಪುಡಿ ತರೋಕೆ ಹೋದವರು ಬರೋ ತನಕ ಕಾಯದೆ ಇವನ್ನು ಕೊಡಬೇಕು. ಆದರೆ ಮಗು ಆಗಲೇ ಸೊರಗಿದ್ದರೆ ಓಆರ್‌ಎಸ್ಸೇ ಬೇಕು.

ಬಸವನಗುಡಿ ಅಜ್ಜಿ
ಸರಿ ಕಣಮ್ಮ. ಆದರೆ ಹೊಟ್ಟೆಗೆ ಒಂದು ದಿನ ರಜೆ ಕೊಡಬೇಕು. ಭೇದಿ ಆಗುವಾಗ ಊಟ ಕೊಟ್ಟರೆ ಅದೂ ಹೊರಗೇ ಹೋಗುತ್ತೆ.

ಮಕ್ಕಳ ವಾರ್ಡ್ ನರ್ಸ್
ಇಲ್ಲಿ ಮಾತ್ರ ನಾನು ಒಪ್ಪಲ್ಲ ಅಜ್ಜಿ, ತಪ್ಪು ತಿಳೀಬೇಡಿ. ಉಪವಾಸ ಹಾಕಿದರೆ ಮಗು ಇನ್ನೂ ಬಡವಾಗುತ್ತೆ, ಕರುಳು ಚೇತರಿಸಿಕೊಳ್ಳೋದು ತಡವಾಗುತ್ತೆ. ಎದೆಹಾಲು ಕುಡಿಯೋ ಮಗುವಿಗೆ ನಿಲ್ಲಿಸಲೇಬಾರದು, ಇನ್ನೂ ಜಾಸ್ತಿ ಸಲ ಕೊಡಬೇಕು. ದೊಡ್ಡ ಮಗುವಿಗೆ ವಾಂತಿ ಹತೋಟಿಗೆ ಬಂದ ಮೇಲೆ ಮೆತ್ತಗಿನ ಅನ್ನ, ತೊವ್ವೆ, ಮೊಸರನ್ನ, ಹೆಸರುಬೇಳೆ ಪೊಂಗಲ್, ಬಾಳೆಹಣ್ಣು, ರಾಗಿ ಸರಿ, ಏನು ತಿನ್ನುತ್ತೋ ಅದು. ಸ್ವಲ್ಪ ಸ್ವಲ್ಪ, ಮೂರು ನಾಲ್ಕು ಗಂಟೆಗೊಮ್ಮೆ. ಭೇದಿ ನಿಂತ ಮೇಲೆ ಎರಡು ವಾರ ದಿನಕ್ಕೊಂದು ಊಟ ಜಾಸ್ತಿ ಕೊಡಿ, ಕಳಕೊಂಡ ತೂಕ ಬರಬೇಕಲ್ಲ.

ಮದ್ದೂರು ಕಡೆಯವನು
ಎಳನೀರನ್ನ ಯಾಕೆ ಯಾರೂ ಮಾತಾಡ್ತಿಲ್ಲ? ನಮ್ಮೂರಿಂದ ಲಾರಿಗಟ್ಟಲೆ ಬೆಂಗಳೂರಿಗೆ ಬರುತ್ತೆ, ಸುಮ್ನೆ ಬರುತ್ತಾ?

ಹಳೇ ಕಥೆ ಬಲ್ಲವ
ಎಳನೀರು ಒಳ್ಳೇದೇ. ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಭೇದಿಯಲ್ಲಿ ಮುಖ್ಯವಾಗಿ ಹೋಗೋದು ಸೋಡಿಯಂ. ಭೇದಿ ಕಡಿಮೆ ಇದ್ದರೆ ಓಆರ್‌ಎಸ್ ಜೊತೆಗೆ ಕೊಡಿ. ಓಆರ್‌ಎಸ್ ಬದಲಿಗೆ ಬೇಡ.

ಮದ್ದೂರು ಕಡೆಯವನು
ಒಪ್ಪಿದೆ. ಆದರೆ ಕೊಚ್ಚಿದ ಮೇಲೆ ಕೂಡಲೇ ಕುಡಿಸಿ. ಬಾಟಲಿಗೆ ತುಂಬಿ ಸಂಜೆ ತನಕ ಇಟ್ಟಿದ್ದು ಬೇಡ. ಸ್ಟ್ರಾನೂ ಬೇಡ, ಆ ಗಾಡಿಯ ಡಬ್ಬದಲ್ಲಿ ಎಷ್ಟು ಕೈ ಆಡಿರುತ್ತೋ.

ಗೃಹಿಣಿ, ಪೀಣ್ಯ
ಮನೆಯಲ್ಲೇ ಉಪ್ಪು ಸಕ್ಕರೆ ನೀರು ಮಾಡಬಹುದಲ್ವಾ? ನಮ್ಮ ಕಡೆ ರಾತ್ರಿ ಹೊತ್ತು ಮೆಡಿಕಲ್ ತೆಗೆದಿರಲ್ಲ. ಒಂದು ಚಿಟಿಕೆ ಉಪ್ಪು, ಒಂದು ಹಿಡಿ ಸಕ್ಕರೆ ಅಂತ ಕೇಳಿದ್ದೆ.

ಮೆಡಿಕಲ್ ಕೌಂಟರ್, ದಾಸರಹಳ್ಳಿ
ಮಾಡಬಹುದು, ಆದರೆ ಚಿಟಿಕೆ, ಹಿಡಿ ಲೆಕ್ಕ ನಂಬಬೇಡಿ. ನಿಮ್ಮ ಚಿಟಿಕೆಗೂ ನಿಮ್ಮ ಯಜಮಾನರ ಚಿಟಿಕೆಗೂ ಎಷ್ಟು ವ್ಯತ್ಯಾಸ! ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಮಾಡಬಾರದು, ಚಾಕುವಿನ ಬೆನ್ನಿನಿಂದ ಸಮ ಮಾಡ್ಕೊಳ್ಳಿ. ಕುಡಿಸೋ ಮೊದಲು ರುಚಿ ನೋಡಿ. ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ. ಉಪ್ಪು ಜಾಸ್ತಿಯಾದರೆ ಮಗುವಿಗೆ ಫಿಟ್ಸ್ ಬರೋ ಅಪಾಯ ಇದೆ. ಇದರಲ್ಲಿ ಪೊಟ್ಯಾಸಿಯಂ ಇರಲ್ಲ, ಹಾಗಾಗಿ ಅಂಗಡಿ ತೆಗೆದ ಕೂಡಲೇ ಪುಡಿ ತನ್ನಿ. ಅದಕ್ಕಿಂತ, ಮನೆಯಲ್ಲಿ ಯಾವಾಗಲೂ ಎರಡು ಪೊಟ್ಟಣ ಇಟ್ಟಿರಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಹತ್ತಿರ ಉಚಿತವಾಗಿ ಸಿಗುತ್ತೆ.

ಸೀದಾ ಮಾತು
ಭೇದಿ ನಿಲ್ಲಿಸೋ ಮಾತ್ರೆ ಅರ್ಧ ಕೊಟ್ಟರೆ? ದೊಡ್ಡವರು ತಗೊಳ್ತಾರಲ್ಲ, ಬಸ್ಸಲ್ಲಿ ಹೋಗುವಾಗ.

ಎರಡು ಮಕ್ಕಳ ಅಪ್ಪ, ಕೆಂಗೇರಿ
ಬೇಡ ಬೇಡ ಬೇಡ.

ಮಕ್ಕಳ ವಾರ್ಡ್ ನರ್ಸ್
ಸರ್, ಇದನ್ನು ಇಲ್ಲಿ ಓದಿ ಯಾರಾದರೂ ಕೊಟ್ಟುಬಿಟ್ಟಾರು ಅಂತ ಗಟ್ಟಿಯಾಗಿ ಹೇಳ್ತಿದ್ದೀನಿ. ಲೋಪೆರಮೈಡ್ ಥರದ ಮಾತ್ರೆ ಚಿಕ್ಕ ಮಕ್ಕಳಿಗೆ ಕೊಡಲೇಬಾರದು. ಕರುಳಿನ ಚಲನೆಯೇ ನಿಂತು ಹೊಟ್ಟೆ ಊದಿಕೊಳ್ಳಬಹುದು, ಪ್ರಾಣಕ್ಕೇ ಕುತ್ತು ಬರಬಹುದು. ಆಂಟಿಬಯೋಟಿಕ್ಕೂ ಸುಮ್ನೆ ಬೇಡ. ಮಕ್ಕಳ ನೀರು ಭೇದಿ ಬಹುಪಾಲು ವೈರಸ್‌ನಿಂದ, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ. ಮಲದಲ್ಲಿ ರಕ್ತ ಇದ್ದರೆ, ಕಾಲರಾ ಅನುಮಾನ ಇದ್ದರೆ ಡಾಕ್ಟರೇ ಬರೀತಾರೆ. ವಾಂತಿ ತೀರಾ ಜಾಸ್ತಿ ಇದ್ದರೂ ಅಷ್ಟೇ, ಅವರು ನೋಡಿ ಔಷಧಿ ಕೊಡಬಹುದು. ನಾವೇ ಅಂಗಡಿಯಲ್ಲಿ ಕೇಳಿ ತರೋದಲ್ಲ.

ಜಿಂಕ್ ಮಾತ್ರ ಬಿಡಬೇಡಿ. ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, 10ರಿಂದ 14 ದಿನ. ಭೇದಿ ಮೂರನೇ ದಿನಕ್ಕೆ ನಿಂತರೂ ಮುಗಿಸಬೇಕು. ಭೇದಿ ಬೇಗ ಕಡಿಮೆಯಾಗುತ್ತೆ, ಮುಂದಿನ ಎರಡು ಮೂರು ತಿಂಗಳು ಮತ್ತೆ ಬರೋ ಸಾಧ್ಯತೆಯೂ ಇಳಿಯುತ್ತೆ.

ಹೊರಮಾವು ಅಮ್ಮ
ಒಳಲೆ ಸಿಕ್ತು, ಅತ್ತೆ ಹಿತ್ತಾಳೆ ಡಬ್ಬಿಯಿಂದ ತೆಗೆದುಕೊಟ್ಟರು. ಡಾಕ್ಟರಿಗೂ ಫೋನ್ ಮಾಡಿದೆ, ಹೀಗೇ ಮುಂದುವರಿಸಿ ಅಂದರು. ಒಂದು ಗಂಟೆಯಿಂದ ಚೂರು ಚೂರೇ ಕೊಡ್ತಿದ್ದೀವಿ. ಒಂದು ಸಲ ಸ್ವಲ್ಪ ವಾಂತಿ ಆಯ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದ್ವಿ, ಈಗ ನಿಂತಿದೆ. ಈಗಷ್ಟೇ ಡೈಪರ್ ಒದ್ದೆ ಆಯ್ತು. ರಾತ್ರಿ ಯಾವ ಗುರುತು ಕಂಡರೆ ಹೊರಡಬೇಕು, ಅದೊಂದು ಹೇಳಿಬಿಡಿ.

ಮಕ್ಕಳ ವಾರ್ಡ್ ನರ್ಸ್
ತುಂಬಾ ಖುಷಿ ಆಯ್ತು. ರಾತ್ರಿ ನಿದ್ದೆ ಮಾಡಿದರೂ ನಡುನಡುವೆ ಎಬ್ಬಿಸಿ ನೋಡಿ. ಎಬ್ಬಿಸಿದರೂ ಏಳದೆ ಮಂಪರಾಗಿದ್ದರೆ, ಕೈಕಾಲು ತಣ್ಣಗಾದರೆ, ಕಣ್ಣು ಗುಳಿಬಿದ್ದರೆ, ಅಳುವಾಗ ಕಣ್ಣೀರು ಬರದಿದ್ದರೆ, ಆರು ಗಂಟೆಗಿಂತ ಜಾಸ್ತಿ ಹೊತ್ತು ಮೂತ್ರ ಇಲ್ಲದಿದ್ದರೆ ಹೊರಡಿ. ಕುಡಿಯೋದನ್ನೇ ಬಿಟ್ಟರೆ, ಕೊಟ್ಟದ್ದೆಲ್ಲ ವಾಂತಿ ಆದರೆ, ಮಲದಲ್ಲಿ ರಕ್ತ ಕಂಡರೆ, ವಾಂತಿ ಹಸಿರು ಬಣ್ಣ ಇದ್ದರೆ ಕೂಡ. ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಬಿಡಿ. ತಕ್ಷಣ ಸಮ ಆಗಬೇಕು. ಮಡಿಕೆ ನಿಧಾನಕ್ಕೆ ಇಳಿದರೆ ನೀರು ಸಾಲ್ತಿಲ್ಲ ಅಂತ. ಚಿಕ್ಕ ಕೂಸುಗಳಾದರೆ ನೆತ್ತಿ ಕುಳಿ ಬಿದ್ದಿದೆಯಾ ನೋಡಬೇಕು.

ಹೊರಡುವಾಗ ಒಳಲೆ, ಓಆರ್‌ಎಸ್ ಜೊತೆಗಿರಲಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೂ ಕಾರಲ್ಲೇ ಕೊಡ್ತಾ ಇರಿ. ತೀರಾ ಮಂಪರಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಕರೆ ಮಾಡಿ.

ಯಲಹಂಕ ಹುಡುಗಿ
ನಮ್ಮಕ್ಕನ ಮಗುವಿಗೆ ನಾಲ್ಕು ತಿಂಗಳು. ಬೇಸಿಗೆ ಅಂತ ಎಲ್ಲರೂ ನೀರು ಕುಡಿಸಿ ಅಂತಿದ್ದಾರೆ. ಕುಡಿಸಬಹುದಾ?

ಬಸವನಗುಡಿ ಅಜ್ಜಿ
ಒಂದೆರಡು ಚಮಚ ಕಾಯಿಸಿದ ನೀರು ಕೊಟ್ಟರೆ ಏನಾಗುತ್ತೆ?

ಮಕ್ಕಳ ವಾರ್ಡ್ ನರ್ಸ್
ಆರು ತಿಂಗಳ ತನಕ ಎದೆಹಾಲೇ ಸಾಕು ಅಜ್ಜಿ, ಎಂಥ ಬಿಸಿಲಿದ್ದರೂ. ಹಾಲಿನಲ್ಲೇ ಬೇಕಾದಷ್ಟು ನೀರಿದೆ. ನೀರು ಕುಡಿಸಿದರೆ ಹಾಲು ಕುಡಿಯೋದು ಕಡಿಮೆಯಾಗುತ್ತೆ, ಆ ನೀರಿನಿಂದಲೇ ಭೇದಿ ಹಿಡಿಯಬಹುದು. ಸೆಕೆ ಇದ್ದಾಗ ಹಾಲು ಪದೇ ಪದೇ ಕೊಡಲಿ, ತಾಯಿ ಚೆನ್ನಾಗಿ ನೀರು ಕುಡಿಯಲಿ. ರೋಟಾವೈರಸ್ ಹನಿ ಹಾಕಿಸಿದ್ದಾರಾ ಕೇಳಿ. 6, 10, 14 ವಾರಕ್ಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಎಲ್ಲಾ ಭೇದಿಯನ್ನೂ ತಡೆಯಲ್ಲ, ಆದರೆ ಆಸ್ಪತ್ರೆಗೆ ಸೇರಿಸೋ ಮಟ್ಟದ ಭೇದಿಯನ್ನು ಬಹಳ ಕಡಿಮೆ ಮಾಡುತ್ತೆ.

ಟ್ಯಾಂಕರ್ ನೀರಿನವರು, ವರ್ತೂರು
ಎಲ್ಲಾ ಸರಿ, ಭೇದಿ ಬರೋದಾದರೂ ಯಾಕೆ ಅಂತ ಕೇಳಬೇಕಲ್ವಾ? ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದೇ ವಾರದಲ್ಲಿ ಮಕ್ಕಳು ಸಾಲಾಗಿ ಮಲಗಿದರು. ಸಂಪ್ ತೆಗೆಸಿ ನೋಡಿದರೆ ತಳದಲ್ಲಿ ಕೆಸರು, ಮುಚ್ಚಳದ ಅಂಚು ಒಡೆದು ಮಳೆ ನೀರು ಇಳೀತಿತ್ತು. ಮನೆ ಮನೆಯಲ್ಲೂ ಫಿಲ್ಟರ್ ಇದೆ. ಆದರೆ ಹಲ್ಲುಜ್ಜೋದು, ತರಕಾರಿ ತೊಳೆಯೋದು, ಮಗುವಿನ ಬಾಟಲಿ ತೊಳೆಯೋದು ನಲ್ಲಿ ನೀರಿನಲ್ಲೇ.

ಗೃಹಿಣಿ, ಪೀಣ್ಯ
ನಮ್ಮ ರಸ್ತೆ ಅಗೆದಾಗಿನಿಂದ ಕಾವೇರಿ ನೀರಿಗೇ ವಾಸನೆ ಬರ್ತಿತ್ತು. ಜಲಮಂಡಳಿಯ 1916ಕ್ಕೆ ಅಕ್ಕಪಕ್ಕದವರೆಲ್ಲ ಬೇರೆ ಬೇರೆಯಾಗಿ ದೂರು ಕೊಟ್ವಿ. ಬಂದು ಚರಂಡಿ ಪೈಪ್ ಸೇರಿಕೊಂಡಿದ್ದ ಜಾಗ ಸರಿಮಾಡಿದರು. ಅಲ್ಲಿವರೆಗೆ ಒಂದು ಕುದಿ ಚೆನ್ನಾಗಿ ಬರಿಸಿದ ನೀರೇ ಕುಡಿದದ್ದು.

ಮೇಷ್ಟ್ರು, ವಿಜಯನಗರ
ಭೇದಿ ಇಲ್ಲದೆಯೂ ಮಕ್ಕಳು ಬಾಡ್ತಾರೆ ಸ್ವಾಮಿ, ಅದೂ ಸ್ವಲ್ಪ ಮಾತಾಡಿ. ಬೆಂಗಳೂರು ತಂಪೂರು ಅನ್ನೋದು ಹಳೇ ಮಾತಾಯ್ತು. 2016ರ ಏಪ್ರಿಲ್ 24ರಂದು 39.2 ಡಿಗ್ರಿ ದಾಖಲಾಗಿತ್ತು. ಮಧ್ಯಾಹ್ನ ಆಟದ ಪೀರಿಯಡ್ ಮುಗಿಸಿ ಬಂದ ಮಕ್ಕಳ ಮುಖ ಕೆಂಪೇರಿರುತ್ತೆ, ತಲೆನೋವು ಅಂತ ಡೆಸ್ಕಿಗೆ ತಲೆಯಿಡ್ತಾರೆ. ಬ್ಯಾಗ್ ತೆಗೆದರೆ ನೀರಿನ ಬಾಟಲಿ ಮನೆಯಿಂದ ತಂದ ಹಾಗೇ ತುಂಬಿರುತ್ತೆ.

ತಾಯಿ, ಆರ್.ಟಿ. ನಗರ
ಮೇಷ್ಟ್ರೇ, ಯಾಕೆ ಕುಡಿಯಲ್ಲ ಅಂತ ಕೇಳಿದ್ದೀರಾ? ನನ್ನ ಮಗಳು ಏನು ಹೇಳ್ತಾಳೆ ಗೊತ್ತಾ? "ಕುಡಿದರೆ ಸೂಸು ಬರುತ್ತೆ ಅಮ್ಮ, ಅಲ್ಲಿ ಹೋಗಕ್ಕಾಗಲ್ಲ." ಶಾಲೆಯ ಶೌಚಾಲಯದಲ್ಲಿ ಚಿಲಕ ಇಲ್ಲ, ನೆಲ ಯಾವಾಗಲೂ ಒದ್ದೆ, ಬಕೆಟ್‌ನಲ್ಲಿ ನೀರಿರಲ್ಲ. ಎಂಟು ವರ್ಷದ ಹುಡುಗಿ ಬೆಳಿಗ್ಗೆ ಎಂಟರಿಂದ ಮೂರೂವರೆ ತನಕ ತಡಕೊಂಡು ಬರ್ತಾಳೆ. ಡಾಕ್ಟರ್ ಹತ್ತಿರ ಹೋದರೆ ಮೂತ್ರದ ಸೋಂಕು ಅಂದರು. ಮಲಬದ್ಧತೆ ಬೇರೆ. ಇಂಥ ಮಗುವಿಗೆ ನೀರು ಕುಡಿ ಕುಡಿ ಅಂತ ಬೈದರೆ ಏನು ಪ್ರಯೋಜನ?

ಎರಡು ಮಕ್ಕಳ ಅಪ್ಪ, ಕೆಂಗೇರಿ
ಇದು ನಮ್ಮ ಮನೆ ಕಥೆಯೂ ಹೌದು. ದೊಡ್ಡವಳು ಸಂಜೆ ಬಂದ ಕೂಡಲೇ ಶೂ ಕೂಡ ಬಿಚ್ಚದೆ ಬಾತ್‌ರೂಮಿಗೆ ಓಡ್ತಾಳೆ.

ಮೇಷ್ಟ್ರು, ವಿಜಯನಗರ
ನೀವು ಹೇಳೋದು ನಿಜ ತಾಯಿ. ಕೇರಳದಲ್ಲಿ 2019ರಲ್ಲಿ ವಾಟರ್ ಬೆಲ್ ಶುರುವಾದಾಗ ಎಲ್ಲರೂ ಮೆಚ್ಚಿದರು, ನಮ್ಮಲ್ಲೂ ಅದರ ಮಾತು ಬಂತು. ಗಂಟೆ ಹೊಡೆದಾಗ ಎಲ್ಲರೂ ಕುಡಿಯಬೇಕು. ಒಳ್ಳೇ ಯೋಚನೆ. ಆದರೆ ಆ ಗಂಟೆಯ ಜೊತೆಗೆ ಶೌಚಾಲಯಕ್ಕೆ ಬಿಡುವೂ, ಒಳಗೆ ನೀರೂ, ಬಾಗಿಲಿಗೆ ಚಿಲಕವೂ ಬೇಕು. ಪಾಠದ ಮಧ್ಯೆ ಕೈಯೆತ್ತಿದ ಮಗುವಿಗೆ "ಈಗ ತಾನೇ ಇಂಟರ್ವಲ್ ಆಯ್ತಲ್ಲ" ಅನ್ನೋದನ್ನು ನಾವು ಮೇಷ್ಟ್ರುಗಳು ಬಿಡಬೇಕು.

ಸೀದಾ ಮಾತು
ಶಾಲೆಗೆ ಹೋಗೋ ಮಕ್ಕಳಿಗೆ ಬಾಟಲಿಯಲ್ಲಿ ದಿನಾ ಓಆರ್‌ಎಸ್ ಹಾಕಿ ಕಳಿಸಿದ್ರೆ ಒಳ್ಳೇದಲ್ವಾ? ಬಿಸಿಲಿಗೆ?

ಮಕ್ಕಳ ವಾರ್ಡ್ ನರ್ಸ್
ದಿನಾ ಬೇಡ ಸರ್. ಆರೋಗ್ಯವಾಗಿರೋ ಮಗುವಿಗೆ ಬರೀ ನೀರು, ಮಜ್ಜಿಗೆ, ಕಲ್ಲಂಗಡಿ, ಸೌತೆಕಾಯಿ ಸಾಕು. ಗಂಟೆಗಟ್ಟಲೆ ಬಿಸಿಲಲ್ಲಿ ಬೆವರು ಸುರಿಸಿ ಆಡಿದ ದಿನ, ಕ್ರೀಡಾಕೂಟ ಇದ್ದ ದಿನ ಕೊಡಬಹುದು. ಮೂತ್ರದ ಬಣ್ಣ ತಿಳಿ ಹಳದಿ ಇದ್ದರೆ ನೀರು ಸಾಕಾಗ್ತಿದೆ ಅಂತ. ಗಾಢ ಹಳದಿ ಆದರೆ ಸಾಲ್ತಿಲ್ಲ. ಇದನ್ನು ಮಕ್ಕಳಿಗೇ ಹೇಳಿಕೊಡಿ, ಅವರೇ ನೋಡ್ಕೊಳ್ತಾರೆ.

ಸೀದಾ ಮಾತು
ಸರಿ, ಇದು ಗೊತ್ತಿರಲಿಲ್ಲ. ಡ್ರಿಪ್ಸ್ ವಿಷಯದಲ್ಲಿ ನನಗಿನ್ನೂ ಪೂರ್ತಿ ಒಪ್ಪಿಗೆ ಇಲ್ಲ, ಆದರೆ ಮಾತ್ರೆ ವಿಷಯ ಬರೆದಿಟ್ಟುಕೊಂಡೆ.

ತಾಯಿ, ಆರ್.ಟಿ. ನಗರ
ಈ ಶನಿವಾರ ನಮ್ಮ ಶಾಲೆಯಲ್ಲಿ ಪೋಷಕರ ಸಭೆ. ಮಾರ್ಕ್ಸ್ ಕಾರ್ಡ್ ತೆಗೆಯೋ ಮೊದಲೇ ಶೌಚಾಲಯದ ಮಾತು ಎತ್ತೋಣ ಅಂತ ಇನ್ನೂ ಕೆಲವು ತಾಯಂದಿರ ಜೊತೆ ಮಾತಾಡಿದ್ದೀನಿ. ಮೇಷ್ಟ್ರೇ, ಏನೇನು ಕೇಳಬೇಕು ಅಂತ ಒಂದು ಅರ್ಜಿ ಬರೆದುಕೊಡ್ತೀರಾ?

ಮೇಷ್ಟ್ರು, ವಿಜಯನಗರ
ನಾಳೆ ಬೆಳಿಗ್ಗೆ ಇಲ್ಲೇ ಹಾಕ್ತೀನಿ. ಯಾರು ಬೇಕಾದರೂ ತಗೊಂಡು ಅವರವರ ಶಾಲೆಯ ಹೆಸರು ಬರ್ಕೊಳ್ಳಿ.